ಸೈಬರ್ ವಿಮೆ ಮತ್ತು ಯುದ್ಧದ ಷರತ್ತು

ಕಂಪ್ಯೂಟರ್ ಜಾಲಗಳ ಮೇಲಿನ ದಾಳಿಯಿಂದ ಉದ್ದಿಮೆಗಳಿಗೆ ಆಗುವ ನಷ್ಟವನ್ನು ತುಂಬಿಕೊಡುವ ವಿಮೆಗೆ ಸೈಬರ್ ವಿಮೆ ಎಂದು ಹೆಸರು. ಸರ್ವರುಗಳನ್ನು ಸರಿಪಡಿಸುವ ವೆಚ್ಚ, ಕಳೆದುಹೋದ ಮಾಹಿತಿಯನ್ನು ಮರಳಿ ಪಡೆಯುವ ವೆಚ್ಚ, ಕೆಲಸ ನಿಂತ ದಿನಗಳ ವರಮಾನ, ತನಿಖಾ ತಜ್ಞರ ಮತ್ತು ವಕೀಲರ ಶುಲ್ಕ, ಗ್ರಾಹಕರು ಹೂಡುವ ದಾವೆಗಳ ಪರಿಹಾರ ಸಾಮಾನ್ಯವಾಗಿ ಇದರ ವ್ಯಾಪ್ತಿಗೆ ಬರುತ್ತವೆ. ದಾಳಿ ಮಾಡಿದವರು ಹಣಕ್ಕಾಗಿ ಬಂದ ಕಳ್ಳರಾದರೆ ಹೆಚ್ಚಿನ ತಕರಾರಿಲ್ಲ. ಒಂದು ದೇಶದ ಸೇನೆಯೇ ದಾಳಿ ಮಾಡಿದ್ದರೆ ವಿಮಾ ಕಂಪನಿ ಹಣ ಕೊಡಬೇಕೇ ಎಂಬುದು ಈ ಕ್ಷೇತ್ರದ ಅತಿ ದೊಡ್ಡ ವಿವಾದ.

ತೊಡಕಿನ ಮೂಲ

ಒಬ್ಬರ ನಷ್ಟವನ್ನು ನೂರಾರು ಜನರ ಪ್ರೀಮಿಯಂ ಹಣದಿಂದ ತುಂಬುವುದು ವಿಮೆಯ ಕ್ರಮ. ಪೇಟೆಬೀದಿಯ ಒಂದು ಅಂಗಡಿಗೆ ಬೆಂಕಿ ಬಿದ್ದರೆ ಉಳಿದ ಅಂಗಡಿಗಳು ಕಟ್ಟಿದ ಹಣ ಅದನ್ನು ಮತ್ತೆ ನಿಲ್ಲಿಸುತ್ತದೆ. ಇಡೀ ಪೇಟೆ ಒಂದೇ ರಾತ್ರಿ ಉರಿದರೆ ಈ ಲೆಕ್ಕ ನಡೆಯುವುದಿಲ್ಲ. ಆಸ್ತಿ ವಿಮೆಯ ಪಾಲಿಸಿಗಳು ಯುದ್ಧದ ಹಾನಿಯನ್ನು ಬಹುಕಾಲದಿಂದ ಹೊರಗಿಟ್ಟಿರುವುದು ಇದೇ ಕಾರಣಕ್ಕೆ. ಸೈಬರ್ ದಾಳಿಯಲ್ಲಿ ಈ ಭಯ ಇನ್ನೂ ದೊಡ್ಡದು: ಜಗತ್ತಿನ ಲಕ್ಷಾಂತರ ಕಂಪನಿಗಳು ಒಂದೇ ಆಪರೇಟಿಂಗ್ ಸಿಸ್ಟಮನ್ನು, ಒಂದೇ ಕ್ಲೌಡ್ ಸೇವೆಯನ್ನು ನೆಚ್ಚಿಕೊಂಡಿವೆ. ಒಂದು ಕಡೆ ಬಿದ್ದ ಕಿಡಿ ಕೆಲವೇ ಗಂಟೆಗಳಲ್ಲಿ ಖಂಡಗಳನ್ನು ದಾಟಬಲ್ಲದು.

ನಾಟ್‌ಪೆಟ್ಯಾ, 2017

ಈ ಭಯ ನಿಜವಾದದ್ದು 2017ರ ಜೂನ್ 27ರಂದು. ಉಕ್ರೇನಿನ ಕಂಪನಿಗಳು ತೆರಿಗೆ ಲೆಕ್ಕಕ್ಕೆ ಬಳಸುತ್ತಿದ್ದ ಎಂ.ಇ.ಡಾಕ್ ಎಂಬ ತಂತ್ರಾಂಶದ ಅಪ್‌ಡೇಟಿನೊಳಗೆ ದಾಳಿಕೋರರು ನಾಟ್‌ಪೆಟ್ಯಾ ಎಂಬ ಕುತಂತ್ರಾಂಶವನ್ನು ಸೇರಿಸಿದ್ದರು. ಪರದೆಯ ಮೇಲೆ 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೊಡಿ ಎಂಬ ಬೇಡಿಕೆ ಮೂಡುತ್ತಿತ್ತು. ಆದರೆ ಹಣ ಕೊಟ್ಟರೂ ಕಡತಗಳು ಮರಳಿ ಸಿಗುವಂತಿರಲಿಲ್ಲ. ಅದರ ಕೆಲಸ ನಾಶ ಮಾಡುವುದಷ್ಟೇ.

ಉಕ್ರೇನಿನಲ್ಲಿ ಕಚೇರಿಯಿದ್ದ ಬಹುರಾಷ್ಟ್ರೀಯ ಕಂಪನಿಗಳ ಜಾಲದ ಮೂಲಕ ಅದು ಹೊರಗೆ ಹಬ್ಬಿತು. ಡೆನ್ಮಾರ್ಕಿನ ಹಡಗು ಕಂಪನಿ ಮೇರ್ಸ್ಕ್ 4,000 ಸರ್ವರು ಮತ್ತು 45,000 ಕಂಪ್ಯೂಟರುಗಳನ್ನು ಹತ್ತು ದಿನಗಳಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಇಡೀ ಜಾಲದ ಬಳಕೆದಾರರ ವಿವರ ಹೊತ್ತಿದ್ದ ಮುಖ್ಯ ಸರ್ವರುಗಳೆಲ್ಲ ಅಳಿಸಿಹೋಗಿದ್ದವು. ಘಾನಾದಲ್ಲಿದ್ದ ಒಂದು ಮಾತ್ರ, ಅಲ್ಲಿ ಕರೆಂಟು ಹೋಗಿದ್ದರಿಂದ ಜಾಲದಿಂದ ಕಳಚಿಕೊಂಡು ಉಳಿದಿತ್ತು. ಕಂಪನಿ ಅದರಿಂದಲೇ ಮತ್ತೆ ಎದ್ದು ನಿಂತಿತು. ಮುಂಬಯಿ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲೂ ಮೇರ್ಸ್ಕ್ ಗುಂಪಿನ ಟರ್ಮಿನಲಿನ ಕೆಲಸಕ್ಕೆ ಪೆಟ್ಟು ಬಿತ್ತು. 2018ರ ಫೆಬ್ರುವರಿಯಲ್ಲಿ ಅಮೆರಿಕ ಮತ್ತು ಬ್ರಿಟನ್ ಈ ದಾಳಿ ರಷ್ಯಾದ ಸೇನೆಯದೆಂದು ಸಾರಿದವು, ರಷ್ಯಾ ಅಲ್ಲಗಳೆಯಿತು. ಒಟ್ಟು ಹಾನಿ 1,000 ಕೋಟಿ ಡಾಲರ್ ಮೀರಿತೆಂಬುದು ಶ್ವೇತಭವನದ ಅಂದಾಜು.

ನ್ಯಾಯಾಲಯದಲ್ಲಿ

ಔಷಧ ಕಂಪನಿ ಮರ್ಕ್ ನಾಟ್‌ಪೆಟ್ಯಾದಿಂದ ಸುಮಾರು 140 ಕೋಟಿ ಡಾಲರ್ ನಷ್ಟ ತೋರಿಸಿ ತನ್ನ ಆಸ್ತಿ ವಿಮೆಯಡಿ ಪರಿಹಾರ ಕೇಳಿತು. ಸರ್ಕಾರ ಅಥವಾ ಸೇನೆಯ ‘ಹಗೆತನದ ಅಥವಾ ಯುದ್ಧದಂತಹ ಕೃತ್ಯ’ದಿಂದ ಆದ ಹಾನಿಗೆ ಪರಿಹಾರವಿಲ್ಲ ಎಂಬ ಅರ್ಥದ ಷರತ್ತನ್ನು ವಿಮಾ ಕಂಪನಿಗಳು ಮುಂದೊಡ್ಡಿದವು. ನ್ಯೂಜೆರ್ಸಿಯ ನ್ಯಾಯಾಲಯ 2021ರ ಡಿಸೆಂಬರಿನಲ್ಲಿ ಮರ್ಕ್ ಪರವಾಗಿ ತೀರ್ಪು ಕೊಟ್ಟಿತು. ಷರತ್ತಿನ ಆ ಮಾತುಗಳು ಹುಟ್ಟಿದ್ದು ಸಾಂಪ್ರದಾಯಿಕ ಯುದ್ಧವನ್ನು ಮನಸ್ಸಿನಲ್ಲಿಟ್ಟುಕೊಂಡು. ಸೈಬರ್ ದಾಳಿಯ ಅಪಾಯ ಗೊತ್ತಿದ್ದರೂ ವಿಮಾ ಕಂಪನಿಗಳು ಷರತ್ತನ್ನು ತಿದ್ದಿರಲಿಲ್ಲ ಎಂಬುದು ನ್ಯಾಯಾಲಯದ ತರ್ಕ. 2023ರ ಮೇ ತಿಂಗಳಲ್ಲಿ ಮೇಲ್ಮನವಿ ಪೀಠವೂ ಇದನ್ನು ಎತ್ತಿಹಿಡಿಯಿತು. 2024ರ ಜನವರಿಯಲ್ಲಿ, ರಾಜ್ಯದ ಸುಪ್ರೀಂ ಕೋರ್ಟಿನ ವಿಚಾರಣೆಗೆ ಮುನ್ನ, ಎರಡೂ ಕಡೆಯವರು ರಾಜಿಯಾದರು. ಅದೇ ದಾಳಿಯಲ್ಲಿ 1,700 ಸರ್ವರು ಮತ್ತು 24,000 ಲ್ಯಾಪ್‌ಟಾಪ್ ಕಳೆದುಕೊಂಡ ತಿಂಡಿ ತಯಾರಕ ಮಾಂಡಲೀಜ್ ಇಲಿನಾಯ್‌ನಲ್ಲಿ ಜ್ಯೂರಿಕ್ ವಿಮಾ ಕಂಪನಿಯ ಮೇಲೆ ಹೂಡಿದ ದಾವೆಯೂ 2022ರಲ್ಲಿ ರಾಜಿಯಲ್ಲೇ ಮುಗಿಯಿತು.

ಲಾಯ್ಡ್ಸ್ ನಿಯಮ

ಲಂಡನ್ನಿನ ಲಾಯ್ಡ್ಸ್ ವಿಮಾ ಮಾರುಕಟ್ಟೆ 2022ರ ಆಗಸ್ಟಿನಲ್ಲಿ ಹೊಸ ನಿಯಮ ತಂದಿತು. 2023ರ ಮಾರ್ಚ್ 31ರಿಂದ ಹೊಸದಾಗಿ ಕೊಡುವ ಅಥವಾ ನವೀಕರಿಸುವ ಪ್ರತ್ಯೇಕ ಸೈಬರ್ ಪಾಲಿಸಿಗಳು ಯುದ್ಧದ ನಷ್ಟವನ್ನಲ್ಲದೆ, ಸರ್ಕಾರಿ ಬೆಂಬಲದ ಕೆಲವು ದಾಳಿಗಳ ನಷ್ಟವನ್ನೂ ಹೊರಗಿಡಬೇಕು. ಒಂದು ದೇಶ ನಡೆಯುವ ಸಾಮರ್ಥ್ಯ ಅಥವಾ ಅದರ ಭದ್ರತಾ ಶಕ್ತಿ ಗಣನೀಯವಾಗಿ ಕುಂದುವಂತೆ ಮಾಡುವ ದಾಳಿಗಳು ಇಂಥವು. ದಾಳಿ ಯಾರದೆಂದು ಹೇಗೆ ತೀರ್ಮಾನಿಸಬೇಕೆಂಬುದೂ ಪಾಲಿಸಿಯಲ್ಲಿ ಬರೆದಿರಬೇಕು.

ಕಷ್ಟವಿರುವುದು ಇಲ್ಲೇ. ದಾಳಿಕೋರರು ಬೇರೆ ದೇಶಗಳ ಸರ್ವರುಗಳ ಮೂಲಕ ಬರುತ್ತಾರೆ, ಕಳ್ಳರ ವೇಷ ಹಾಕುತ್ತಾರೆ. ನಾಟ್‌ಪೆಟ್ಯಾ ಯಾರದೆಂದು ಅಮೆರಿಕ, ಬ್ರಿಟನ್ ಸರ್ಕಾರಗಳು ಬಾಯಿಬಿಡಲು ಏಳು ತಿಂಗಳು ಬೇಕಾಯಿತು. ಕೂಲಿ, ಬಾಡಿಗೆ, ಬ್ಯಾಂಕಿನ ಕಂತು ಅಷ್ಟು ದಿನ ಕಾಯುವುದಿಲ್ಲ. ದೊಡ್ಡ ಕಂಪನಿಗಳು ವರ್ಷಗಟ್ಟಲೆ ದಾವೆ ನಡೆಸಿ ತಡೆದುಕೊಂಡವು. ಹತ್ತು ಜನ ದುಡಿಯುವ ಉದ್ದಿಮೆಗೆ ಆ ತಾಳಿಕೆ ಇರುವುದಿಲ್ಲ.

ಸರ್ಕಾರದ ಹೊಣೆ

ಖಾಸಗಿ ವಿಮೆ ಹೊರಲಾರದ ಹೊರೆಗೆ ಸರ್ಕಾರ ಹೆಗಲು ಕೊಟ್ಟ ಉದಾಹರಣೆಗಳಿವೆ. ಲಂಡನ್ ಬಾಂಬ್ ದಾಳಿಗಳ ಬಳಿಕ ಬ್ರಿಟನ್ 1993ರಲ್ಲಿ ವಿಮಾ ಕಂಪನಿಗಳಿಗೇ ವಿಮೆ ಕೊಡುವ ಪೂಲ್ ರೀ ಎಂಬ ಮರುವಿಮಾ ನಿಧಿಯನ್ನು ಕಟ್ಟಿತು. ಭಯೋತ್ಪಾದಕರ ಸೈಬರ್ ದಾಳಿಯಿಂದ ಕಟ್ಟಡ, ಯಂತ್ರಗಳಿಗಾಗುವ ಹಾನಿಯೂ 2018ರಲ್ಲಿ ಅದರ ವ್ಯಾಪ್ತಿಗೆ ಬಂತು. ಅಮೆರಿಕ 2002ರಲ್ಲಿ ಭಯೋತ್ಪಾದನಾ ಅಪಾಯ ವಿಮಾ ಕಾಯ್ದೆ ಮಾಡಿತು. ಭಾರತದಲ್ಲಿ ಅದೇ ವರ್ಷ ಶುರುವಾದ ಭಯೋತ್ಪಾದನಾ ಅಪಾಯದ ವಿಮಾ ನಿಧಿಯನ್ನು ಸರ್ಕಾರಿ ಮರುವಿಮಾ ಕಂಪನಿ ಜಿಐಸಿ ರೀ ನಿರ್ವಹಿಸುತ್ತದೆ. ಸರ್ಕಾರಿ ಬೆಂಬಲದ ಸೈಬರ್ ದಾಳಿಗೂ ಇಂಥ ಆಸರೆ ಬೇಕೆಂಬ ವಾದಕ್ಕೆ ತೂಕವಿದೆ: ದೇಶಗಳ ಜಗಳದ ದಂಡವನ್ನು ಅದರಲ್ಲಿ ಪಾಲೇ ಇಲ್ಲದ ಅಂಗಡಿ, ಆಸ್ಪತ್ರೆ, ಕಾರ್ಖಾನೆ ಒಂಟಿಯಾಗಿ ತೆರುವುದು ನ್ಯಾಯವಲ್ಲ.

ಪಾಲಿಸಿ ಕೊಳ್ಳುವವರಿಗೆ

ಬೆಂಗಳೂರಿನ ತಂತ್ರಾಂಶ ಕಂಪನಿಗಳಂತೆ ಹೊರದೇಶದ ಗ್ರಾಹಕರ ಜಾಲಗಳನ್ನು ನೋಡಿಕೊಳ್ಳುವವರಿಗೆ ದೂರದ ಯುದ್ಧವೂ ದೂರವಲ್ಲ. ಪಾಲಿಸಿಯ ಮೊದಲ ಪುಟದ ಮೊತ್ತ ನೋಡುವ ಮುನ್ನ ಯುದ್ಧದ ಷರತ್ತನ್ನು ಓದಬೇಕು: ದಾಳಿ ಯಾರದೆಂದು ಹೇಳುವವರು ಯಾರು, ರುಜುವಾತಿನ ಹೊಣೆ ಯಾರದು, ದಾಳಿಗೊಳಗಾದ ದೇಶದ ಹೊರಗಿರುವ ಕಂಪ್ಯೂಟರಿಗೆ ರಕ್ಷಣೆ ಉಂಟೇ, ತೀರ್ಮಾನವಾಗುವವರೆಗೆ ಮುಂಗಡ ಹಣ ಸಿಗುತ್ತದೆಯೇ. ಈ ನಾಲ್ಕಕ್ಕೂ ಉತ್ತರವನ್ನು ಬರಹದಲ್ಲಿ ಪಡೆದ ಮೇಲೆಯೇ ಪ್ರೀಮಿಯಂ ಕಟ್ಟುವುದು ಕ್ಷೇಮ.