ಹದಿನಾರು ಚೌಕಕ್ಕೂ ಮುಂಚೆ

1898ರ ನವೆಂಬರ್ 23ರಂದು ಜಮ್ಷೆಡ್‌ಜಿ ಟಾಟಾ ಸ್ವಾಮಿ ವಿವೇಕಾನಂದರಿಗೆ ಒಂದು ಕಾಗದ ಬರೆದರು. ಐದು ವರ್ಷದ ಹಿಂದೆ ಜಪಾನಿನಿಂದ ಹೊರಟ ಹಡಗಿನಲ್ಲಿ ಇಬ್ಬರೂ ಜೊತೆಗಿದ್ದುದನ್ನು ನೆನಪಿಸಿ, ನೇರವಾಗಿ ವಿಷಯಕ್ಕೆ ಬಂದರು. ದೇಶದಲ್ಲಿ ಮತ್ತೆ ತಲೆಯೆತ್ತುತ್ತಿರುವ ವೈರಾಗ್ಯದ ಕಸುವನ್ನು ಅಳಿಸುವುದು ಬೇಡ, ಅದಕ್ಕೊಂದು ಕಾಲುವೆ ತೋಡೋಣ. ಮಠದಂಥ ವಸತಿಗಳನ್ನು ಕಟ್ಟಿ, ಸರಳವಾಗಿ ಬದುಕುತ್ತ ವಿಜ್ಞಾನವನ್ನೂ ಮಾನವಿಕ ಶಾಸ್ತ್ರಗಳನ್ನೂ ಬೆಳೆಸುವವರನ್ನು ಅಲ್ಲಿ ಇರಿಸೋಣ ಎಂಬುದು ಅದರ ತಾತ್ಪರ್ಯ. ಜನರನ್ನು ಹುರಿದುಂಬಿಸುವ ಒಂದು ಕಿರುಹೊತ್ತಗೆಯನ್ನು ನೀವು ಬರೆದರೆ ಅಚ್ಚಿನ ಖರ್ಚು ನನ್ನದು ಎಂದೂ ಸೇರಿಸಿದ್ದರು. ಇಂದು ವಿಶ್ವವಿದ್ಯಾಲಯಗಳಲ್ಲೂ ಸ್ವಯಂಸೇವಾ ಸಂಸ್ಥೆಗಳಲ್ಲೂ ಕಾನ್ಸೆಪ್ಟ್ ನೋಟ್ ಎಂದು ಕರೆಯುವ ಬರಹಕ್ಕೆ ನಮ್ಮ ನಾಡಿನಲ್ಲಿ ಒಂದು ಹಳೆಯ ಮಾದರಿ ಬೇಕೆಂದರೆ ನಾನು ಈ ಕಾಗದವನ್ನೇ ತೋರಿಸುತ್ತೇನೆ. ಅದರಲ್ಲಿ ‘ಗುರಿಗಳು’ ಎಂಬ ಶೀರ್ಷಿಕೆಯಿಲ್ಲ, ‘ನಿರೀಕ್ಷಿತ ಫಲಿತಗಳು’ ಎಂಬ ಪಟ್ಟಿಯೂ ಇಲ್ಲ. ಇರುವುದು ಒಂದು ನಂಬಿಕೆ, ಒಂದು ಊಹೆ, ಮತ್ತು ಎದುರಿನವರು ಬೇಡವೆನ್ನಲು ಸಾಕಷ್ಟು ಜಾಗ. ಆ ಜಾಗವೇ ಈ ಬಗೆಯ ಬರಹದ ಜೀವ ಎಂಬುದು ನನ್ನ ವಾದ.

ಕಾಗದದ ಹಿಂದೆ ಬರಿಯ ಭಾವಾವೇಶವಿತ್ತು ಎಂದುಕೊಳ್ಳಬಾರದು. ಟಾಟಾ ಅವರ ಆಪ್ತ ಬುರ್ಜೋರ್ಜಿ ಪಾದಶಾ ಆಗಲೇ ಹೊರದೇಶಗಳ ವಿದ್ಯಾಸಂಸ್ಥೆಗಳನ್ನು ಸುತ್ತಿ ನೋಡಿ ಬಂದಿದ್ದರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಅವರ ಕಣ್ಣ ಮುಂದಿತ್ತು. ಟಾಟಾ ಸುಮಾರು 30 ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ತೆಗೆದಿರಿಸಲು ಸಿದ್ಧರಿದ್ದರು. ಪಾದಶಾ ಸಿದ್ಧಪಡಿಸಿದ ಕರಡಿನಲ್ಲಿ ಮೂರು ವಿಭಾಗಗಳಿದ್ದವು: ವಿಜ್ಞಾನ ಮತ್ತು ತಂತ್ರವಿದ್ಯೆ, ವೈದ್ಯ, ತತ್ತ್ವಶಾಸ್ತ್ರ ಮತ್ತು ಶಿಕ್ಷಣ. 1898ರ ಡಿಸೆಂಬರ್ 31ರಂದು, ಹೊಸ ವೈಸರಾಯ್ ಲಾರ್ಡ್ ಕರ್ಜನ್ ಮುಂಬಯಿಯಲ್ಲಿ ಹಡಗಿಳಿದ ಮರುದಿನವೇ, ನಿಯೋಗವೊಂದು ಈ ಕರಡನ್ನು ಹಿಡಿದು ಅವರೆದುರು ನಿಂತಿತು. ಕರ್ಜನ್ ಕೇಳಿದ್ದು ಎರಡು ಮಾತು. ಇಷ್ಟು ಮೇಲ್ಮಟ್ಟದ ಓದಿಗೆ ವಿದ್ಯಾರ್ಥಿಗಳು ಎಲ್ಲಿಂದ ಬರುತ್ತಾರೆ? ಓದಿ ಹೊರಬಂದವರಿಗೆ ಈ ದೇಶದಲ್ಲಿ ಕೆಲಸವೆಲ್ಲಿದೆ? ವಸಾಹತು ಆಡಳಿತದ ಅಸಡ್ಡೆ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಅಸಡ್ಡೆ ಇದ್ದಿರಲೂಬಹುದು, ಆದರೆ ಪ್ರಶ್ನೆ ಸರಿಯಾಗಿತ್ತು, ಮತ್ತು ಕರಡಿನಲ್ಲಿ ಅದಕ್ಕೆ ಗಟ್ಟಿಯಾದ ಉತ್ತರವಿರಲಿಲ್ಲ.

ಅಲ್ಲಿಂದ ಮುಂದೆ ಆ ಬರಹಕ್ಕೆ ಆದದ್ದನ್ನು ಗಮನಿಸಬೇಕು. ಜಡ ಅನಿಲಗಳನ್ನು ಕಂಡುಹಿಡಿದ ವಿಲಿಯಂ ರಾಮ್ಸೆ 1900ರಲ್ಲಿ ಬಂದು ದೇಶ ಸುತ್ತಿ, ಸಂಸ್ಥೆಗೆ ಬೆಂಗಳೂರೇ ತಕ್ಕ ಜಾಗವೆಂದರು. ಆದರೆ ಯೋಜನೆಯನ್ನು ಉದ್ಯಮಗಳಿಗೆ ಒದಗುವ ವಿಜ್ಞಾನದ ಕಡೆಗೆ ವಾಲಿಸಿದರು. ಅದೂ ಸಾಲದೆಂದು ಸರ್ಕಾರ ಮೆಲ್ಬರ್ನಿನ ರಸಾಯನಶಾಸ್ತ್ರದ ಪ್ರೊಫೆಸರ್ ಮ್ಯಾಸನ್ ಮತ್ತು ರೂರ್ಕಿ ಕಾಲೇಜಿನ ಮುಖ್ಯಸ್ಥ ಕರ್ನಲ್ ಕ್ಲಿಬ್ಬರ್ನ್ ಇಬ್ಬರನ್ನೂ ಕೂರಿಸಿ ಮತ್ತೊಮ್ಮೆ ಜರಡಿ ಹಿಡಿಸಿತು. ಮೈಸೂರು ಸಂಸ್ಥಾನ 371 ಎಕರೆ ನೆಲ, ಕಟ್ಟಡಗಳಿಗೆ 5 ಲಕ್ಷ ರೂಪಾಯಿ, ವರ್ಷವರ್ಷದ ಖರ್ಚಿಗೆ 50,000 ರೂಪಾಯಿ ಕೊಟ್ಟಿತು. ಟಾಟಾ 1904ರಲ್ಲಿ ಜರ್ಮನಿಯಲ್ಲಿ ತೀರಿಕೊಂಡರು, ಒಂದು ಇಟ್ಟಿಗೆಯನ್ನೂ ಕಾಣದೆ. ರಾಮ್ಸೆ ಅವರ ಜೊತೆಗೂಡಿ ನಿಯಾನ್, ಕ್ರಿಪ್ಟಾನ್, ಕ್ಸೆನಾನ್‌ಗಳನ್ನು ಕಂಡವರಾದ ಮಾರಿಸ್ ಟ್ರ್ಯಾವರ್ಸ್ 1906ರಲ್ಲಿ ಮೊದಲ ನಿರ್ದೇಶಕರಾಗಿ ಬಂದರು. ಅಧಿಕೃತ ಆದೇಶ ಹೊರಟಿದ್ದು 1909ರ ಮೇ 27ಕ್ಕೆ, ಪಾಠ ಶುರುವಾದದ್ದು 1911ರ ಜುಲೈನಲ್ಲಿ. ಬಾಗಿಲು ತೆರೆದಾಗ ಒಳಗಿದ್ದವು ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರವಿದ್ಯೆ. ವೈದ್ಯವಿಲ್ಲ, ತತ್ತ್ವಶಾಸ್ತ್ರವಿಲ್ಲ, ವಿರಾಗಿಗಳ ಮಠದ ಸುದ್ದಿಯಂತೂ ಇಲ್ಲವೇ ಇಲ್ಲ. ಬೆಂಗಳೂರಿನ ಹಳಬರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆ ಟಾಟಾ ಕೇಳಿದ್ದಕ್ಕಿಂತ ಚಿಕ್ಕದು, ಬೇರೆಯದು. ಆದರೂ ಅದು ಆ ಕಾಗದದ ಕೂಸೇ. ಹನ್ನೆರಡು ವರ್ಷ ಬೇರೆಬೇರೆಯವರು ಅದನ್ನು ಹಿಡಿದು ಜಗ್ಗಾಡಿದ್ದರಿಂದಲೇ ನಿಂತದ್ದು.

ಟಾಟಾ ಕಾಗದಕ್ಕೆ 45 ವರ್ಷ ದಾಟಿದ ಮೇಲೆ ಇದೇ ಸಂಸ್ಥೆಯ ಒಳಗಿಂದ ಇನ್ನೊಂದು ಕಾಗದ ಹೊರಟಿತು. ರಜೆಗೆಂದು ಕೇಂಬ್ರಿಜ್‌ನಿಂದ ಬಂದು, ಯುದ್ಧದಿಂದಾಗಿ ಇಲ್ಲೇ ಉಳಿದು, ಬೆಂಗಳೂರಿನಲ್ಲಿ ಕಾಸ್ಮಿಕ್ ಕಿರಣಗಳ ಅಧ್ಯಯನ ನಡೆಸುತ್ತಿದ್ದ ಹೋಮಿ ಭಾಭಾ 1944ರ ಮಾರ್ಚ್ 12ರಂದು ದೊರಾಬ್ಜಿ ಟಾಟಾ ಟ್ರಸ್ಟಿನ ಅಧ್ಯಕ್ಷ ಸೊರಾಬ್ ಸಕ್ಲಾತ್‌ವಾಲಾ ಅವರಿಗೆ ಬರೆದದ್ದು. ಭೌತಶಾಸ್ತ್ರದ ಮೂಲಭೂತ ಸಂಶೋಧನೆಗೆ ದೇಶದಲ್ಲಿ ದೊಡ್ಡ ಶಾಲೆಯೊಂದಿಲ್ಲ, ಕೆಲಸ ಮಾಡುವವರು ಅಲ್ಲೊಬ್ಬ ಇಲ್ಲೊಬ್ಬ ಚದುರಿದ್ದಾರೆ; ಇನ್ನೆರಡು ದಶಕದಲ್ಲಿ ಪರಮಾಣುವಿನಿಂದ ವಿದ್ಯುತ್ ತೆಗೆಯುವ ಕಾಲ ಬಂದಾಗ ಪರಿಣತರಿಗಾಗಿ ಹೊರದೇಶದ ಕಡೆ ನೋಡಬೇಕಾಗಬಾರದು ಎಂದು ಅವರ ಮಾತು. ತಾನು ಕೇಳುತ್ತಿರುವುದು ಒಂದು ಭ್ರೂಣವನ್ನಷ್ಟೆ ಎಂದೂ ಒಪ್ಪಿಕೊಂಡಿದ್ದರು. ಹಿರೋಷಿಮಾಕ್ಕೆ ಇನ್ನೂ 17 ತಿಂಗಳಿತ್ತು. ಪರಮಾಣು ವಿದ್ಯುತ್ ಎಂಬುದು ಓದಿದವರಿಗೂ ಕಟ್ಟುಕತೆಯಂತೆ ಕೇಳಿಸುತ್ತಿದ್ದ ದಿನ. ಹಾಗಿದ್ದೂ ಟ್ರಸ್ಟು ಮುಂದಿನ ತಿಂಗಳೇ ಒಪ್ಪಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರ ಜೂನ್ 1ರಂದು ಬೆಂಗಳೂರಿನಲ್ಲೇ ಶುರುವಾಗಿ, ವರ್ಷದ ಕೊನೆಗೆ ಮುಂಬಯಿಗೆ ಹೋಯಿತು. 1956ರಲ್ಲಿ ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್ ಓಡಿತು.

ಇಲ್ಲೊಂದು ಆಕ್ಷೇಪಣೆ ತಾನಾಗಿಯೇ ಏಳುತ್ತದೆ. ಟಾಟಾ ಕೋಟ್ಯಧೀಶರು. ಭಾಭಾ ಅವರ ಸೋದರತ್ತೆ ಮೆಹರ್‌ಬಾಯಿ ಜಮ್ಷೆಡ್‌ಜಿಯವರ ಮಗ ದೊರಾಬ್ಜಿ ಟಾಟಾರ ಹೆಂಡತಿ. ಇಂಥವರ ಕಾಗದ ಓದಿಸಿಕೊಂಡಿತು. ರಾಯಚೂರಿನ ಕಾಲೇಜೊಂದರ ಉಪನ್ಯಾಸಕಿಯೊಬ್ಬರು ಇದೇ ಧಾಟಿಯಲ್ಲಿ ಬರೆದರೆ ಯಾರು ಓದುತ್ತಾರೆ? ಈ ಮಾತಿಗೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ನಮೂನೆ, ಅಂಕ, ಹೆಸರು ಮರೆಮಾಡಿದ ಪರಿಶೀಲನೆ ಬಂದದ್ದೇ ನಂಟಸ್ತಿಕೆಯ ಈ ಅನ್ಯಾಯಕ್ಕೆ ಒಂದು ಮಟ್ಟಿಗೆ ಮದ್ದಾಗಿ, ಮತ್ತು ಆ ಮದ್ದು ಕೆಲಸ ಮಾಡಿದೆ. ಸೋತ ಕಾಗದಗಳನ್ನು ಯಾರೂ ಜೋಪಾನ ಮಾಡುವುದಿಲ್ಲ ಎಂಬುದೂ ನಿಜ. ಗೆದ್ದ ಎರಡನ್ನು ಹಿಡಿದು ಕಾಗದ ಬರೆದರೆ ಸಂಸ್ಥೆ ಹುಟ್ಟುತ್ತದೆ ಎನ್ನುವುದು ಹುಡುಗಾಟವಾದೀತು. ಆದರೆ ನಾನು ಹೇಳುತ್ತಿರುವುದು ಗೆಲುವಿನ ಮಾತಲ್ಲ. ಓದಿದವನು ಆ ಬರಹದೊಡನೆ ಏನು ಮಾಡಬಲ್ಲವನಾಗಿದ್ದ ಎಂಬ ಮಾತು. ಕೋಟ್ಯಧೀಶನ ಕರಡನ್ನೂ ಕರ್ಜನ್ ಕೆದಕಬಲ್ಲವರಾಗಿದ್ದರು, ರಾಮ್ಸೆ ಕತ್ತರಿಸಬಲ್ಲವರಾಗಿದ್ದರು. ನಂಟಸ್ತಿಕೆಯಿಂದ ಬಾಗಿಲು ತೆರೆಯಿತು. ಒಳಗೆ ಹೋದಮೇಲೆ ವಾದವನ್ನು ಮಾಡಲೇಬೇಕಿತ್ತು.

ಬಾಗಿಲನ್ನು ಎಲ್ಲರಿಗೂ ತೆರೆಯುವ ಹೊತ್ತಿಗೆ ಒಳಗಿನ ಮಾತುಕತೆಯೇ ತೆಳುವಾಯಿತೆಂಬುದು ನನ್ನ ತಕರಾರು. ಇದಕ್ಕೂ ಒಂದು ಚರಿತ್ರೆಯಿದೆ. 1969ರ ಸುಮಾರಿಗೆ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್‌ಗಾಗಿ ‘ಲಾಜಿಕಲ್ ಫ್ರೇಮ್‌ವರ್ಕ್’ ಎಂಬ ಕೋಷ್ಟಕವೊಂದು ತಯಾರಾಯಿತು. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು, ಒಟ್ಟು ಹದಿನಾರು ಚೌಕ. ಬೇರೆ ದಾನಿ ಸಂಸ್ಥೆಗಳೂ ಅದನ್ನೇ ಎತ್ತಿಕೊಂಡವು. ನಮ್ಮ ಹಳ್ಳಿಗಾಡಿನ ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತರೂ ‘ಲಾಗ್‌ಫ್ರೇಮ್’ ಎನ್ನುವಷ್ಟು ಅದು ಒಗ್ಗಿಹೋಯಿತು. ಎಡಗಡೆ ಗುರಿಯಿಂದ ಹಿಡಿದು ಬೇಕಾಗುವ ಸಾಮಗ್ರಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಯೋಜನೆ, ನಡುವೆ ಅಳತೆಗೋಲು ಮತ್ತು ಪುರಾವೆ, ಬಲತುದಿಯಲ್ಲಿ ‘ಊಹೆಗಳು’. ಕೋಷ್ಟಕ ಮಾಡಿದವರು ದಡ್ಡರಲ್ಲ. ಹಣ ಎಲ್ಲಿ ಸೋರಿತು, ಯಾವ ಕೆಲಸಕ್ಕೆ ಯಾರು ಹೊಣೆ ಎಂದು ಕೇಳಲು ದಾರಿಯೇ ಇಲ್ಲದ ಕಡೆ ಅವರು ಒಂದು ದಾರಿ ಮಾಡಿದರು. ಸಂದೇಹಕ್ಕೆಂದೇ ಒಂದು ಸಾಲನ್ನೂ ಬಿಟ್ಟರು. ಆದರೆ ಚೌಕ ತುಂಬುವ ಕೈ ಎಡದಿಂದ ಬಲಕ್ಕೆ ಹೋಗುತ್ತದೆ. ಕೊನೆಯ ಸಾಲಿಗೆ ಬರುವಾಗ ಕೈಯೂ ಸೋತಿರುತ್ತದೆ, ಸಲ್ಲಿಸುವ ಗಡುವೂ ಹತ್ತಿರವಾಗಿರುತ್ತದೆ. ಅಲ್ಲಿ ‘ಮಳೆ ಸಕಾಲಕ್ಕೆ ಆಗುತ್ತದೆ’, ‘ಸಮುದಾಯ ಸಹಕರಿಸುತ್ತದೆ’ ಎಂದು ಬರೆದು ಮುಗಿಸುವುದೇ ವಾಡಿಕೆ.

ಪಿಎಚ್‌.ಡಿ.ಯ ಸಿನಾಪ್ಸಿಸ್ ಕೂಡ ಇದೇ ರೋಗಕ್ಕೆ ಸಿಕ್ಕಿದೆ: ಹುಡುಕುವ ಮೊದಲೇ ಸಿಗುವುದನ್ನು ಬರೆಯಬೇಕು. ಹೀಗೆ ಬರೆಸಿದರೆ ಅಭ್ಯರ್ಥಿಗೆ ಶಿಸ್ತು ಬರುತ್ತದೆ ಎನ್ನುವವರಿದ್ದಾರೆ. ಬರುತ್ತದೆ. ಆದರೆ ಮಾಡಿಟ್ಟ ಮಾತಿಗೆ ಮೂರು ವರ್ಷದ ಮೇಲೂ ಅಂಟಿಕೊಳ್ಳುವ ಶಿಸ್ತು ಬೇರೆ, ಮಾಹಿತಿ ತಿರುಗಿಬಿದ್ದಾಗ ಮಾತು ಬದಲಿಸುವ ಶಿಸ್ತು ಬೇರೆ. ಟಾಟಾ ಯೋಜನೆ ಎರಡನೆಯದರ ಉದಾಹರಣೆ. ಅದನ್ನು ಇಂದಿನ ಮೌಲ್ಯಮಾಪಕರ ಕೈಗೆ ಕೊಟ್ಟರೆ ಮೂರು ವಿಭಾಗದಲ್ಲಿ ಎರಡು ಕೈಗೂಡಲಿಲ್ಲ, ಗಡುವು ಮೀರಿತು ಎಂದು ಅನುತ್ತೀರ್ಣ ಮಾಡಿಯಾರು.

ಹಳೆಗನ್ನಡದಿಂದ ಬಂದ ‘ಬಿನ್ನವತ್ತಳೆ’ ಎಂಬ ಮಾತು ಈಗ ಸನ್ಮಾನಪತ್ರದ ಚೌಕಟ್ಟಿನೊಳಗೆ ಸೇರಿ, ಶಾಲಿನ ಜೊತೆ ಹಂಚಿಕೆಯಾಗುತ್ತಿದೆ. ಅದರ ಮೂಲ ಅರ್ಥ ಅರಿಕೆ, ದೊಡ್ಡವರ ಮುಂದೆ ಇಡುವ ಮಾತು. ಅರ್ಜಿಗೂ ಅರಿಕೆಗೂ ಇರುವ ವ್ಯತ್ಯಾಸ ಕಚೇರಿಗೆ ಅಲೆದವರಿಗೆಲ್ಲ ಗೊತ್ತು: ಅರ್ಜಿ ಸ್ವೀಕೃತವಾಗುತ್ತದೆ ಇಲ್ಲವೇ ತಿರಸ್ಕೃತವಾಗುತ್ತದೆ, ಅರಿಕೆಗೆ ಮಾತಿನ ಉತ್ತರ ಬರುತ್ತದೆ. 1898ರ ಡಿಸೆಂಬರಿನ ಆ ದಿನ ಮುಂಬಯಿಯಲ್ಲಿ ಕರಡಿಗೆ ಸಿಕ್ಕದ್ದು ಅಂಥ ಉತ್ತರ. ಓದಿದವರಿಗೆ ಕೆಲಸವೆಲ್ಲಿ ಎಂಬ ಕರ್ಜನ್‌ರ ಪ್ರಶ್ನೆ ಲಾಗ್‌ಫ್ರೇಮಿನಲ್ಲಾದರೆ ಬಲತುದಿಯ ಸಾಲಿನಲ್ಲಿ, ಹಣ ಕೇಳುವವನ ಕೈಯಲ್ಲೇ, ‘ಉದ್ಯಮಗಳು ಬೆಳೆಯುತ್ತವೆ’ ಎಂಬ ಎರಡು ಪದವಾಗಿ ಮುಗಿದುಹೋಗುತ್ತಿತ್ತು. ಆಗ ಅದನ್ನು ಕೇಳಿದವನು ಓದುಗ. ಉತ್ತರ ಹುಡುಕಲು ರಾಮ್ಸೆ ಸಮುದ್ರ ದಾಟಿ ಬರಬೇಕಾಯಿತು.