ಆನೆಗೊಂದಿಯಲ್ಲಿ ಮೊದಲು ಇದ್ದವರು ಯಾರು?

ಗಂಗಾವತಿ ತಾಲ್ಲೂಕಿನ ಆನೆಗೊಂದಿಯೇ ರಾಮಾಯಣದ ಕಿಷ್ಕಿಂಧೆ, ಪಕ್ಕದ ಅಂಜನಾದ್ರಿಯೇ ಹನುಮ ಹುಟ್ಟಿದ ಬೆಟ್ಟ ಅನ್ನೋದು ಇಲ್ಲಿನ ಜನರ ನಂಬಿಕೆ. 2021ರ ಏಪ್ರಿಲ್‌ನಲ್ಲಿ ತಿರುಮಲ ತಿರುಪತಿ ದೇವಸ್ಥಾನದವರು, ಹನುಮ ಹುಟ್ಟಿದ್ದು ತಿರುಮಲದಲ್ಲಿ ಎಂದು ಘೋಷಿಸಿದರು. ಗೋಕರ್ಣದ ಹೆಸರೂ ಕೇಳಿಬಂತು. ಮರುವರ್ಷದ ರಾಜ್ಯ ಬಜೆಟ್ಟಿನಲ್ಲಿ ನಮ್ಮ ಅಂಜನಾದ್ರಿಗೆ 100 ಕೋಟಿ ರೂಪಾಯಿ ಘೋಷಣೆಯಾಯ್ತು. ‘ಅವನು ನಮ್ಮೋನು’ ಅನ್ನೋ ಮಾತಿಗೆ ಇಷ್ಟು ತೂಕ ಎಲ್ಲಿಂದ ಬಂತು?

ಭಾಷೆಯಿಂದ ರಕ್ತಕ್ಕೆ

ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಒಂದೇ ಮೂಲ ಇರಬೇಕು ಎಂದು 1786ರಲ್ಲಿ ವಿಲಿಯಂ ಜೋನ್ಸ್ ಹೇಳಿದ. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್, ಕನ್ನಡವೂ ಸೇರಿದಂತೆ ದ್ರಾವಿಡ ಭಾಷೆಗಳದ್ದು ಬೇರೆಯೇ ಕುಟುಂಬ ಎಂದು ವಿವರಿಸಿದ. ಭಾಷೆಗಳ ಬಗ್ಗೆ ಆಡಿದ ಈ ಮಾತನ್ನು ಜನ ಬೇಗನೆ ರಕ್ತಕ್ಕೂ ಅನ್ವಯಿಸಿದರು. ರಾಮಾಯಣ ಅಂದ್ರೆ ಆರ್ಯರು ದಕ್ಷಿಣಕ್ಕೆ ನುಗ್ಗಿದ ಕಥೆ, ವಾನರರು ಅಂದ್ರೆ ಇಲ್ಲಿನ ಮೂಲಜನ ಎಂಬ ಓದು ಹುಟ್ಟಿತು. ಪೆರಿಯಾರ್ ಈ ಬಗೆಯ ಓದನ್ನು ರಾಜಕೀಯಕ್ಕೆ ತಂದರು. ಎದುರು ಪಾಳಯದವರು, ಆರ್ಯರು ಹೊರಗಿಂದ ಬಂದೇ ಇಲ್ಲ ಎಂದರು. ಜಗಳ ಎಷ್ಟೇ ಇದ್ದರೂ ಒಂದು ಮಾತಿಗೆ ಇಬ್ಬರದೂ ಒಪ್ಪಿಗೆ ಇದೆ: ಮೊದಲು ಇದ್ದವರದೇ ನೆಲ.

ಡಿಎನ್‌ಎ ಹೇಳಿದ್ದೇನು?

2019ರಲ್ಲಿ ಹರಿಯಾಣದ ರಾಖಿಗಢಿಯ ಒಬ್ಬ ಮಹಿಳೆಯ ಅಸ್ಥಿಯ ಡಿಎನ್‌ಎ ಫಲಿತಾಂಶ ಬಂತು. ಮಧ್ಯ ಏಷ್ಯಾದ ಹುಲ್ಲುಗಾವಲಿನ ಪಶುಪಾಲಕರ ಅಂಶ ಅದರಲ್ಲಿ ಇರಲಿಲ್ಲ. ‘ನೋಡಿ, ವಲಸೆಯೇ ಸುಳ್ಳು’ ಅಂತ ಟಿವಿಗಳಲ್ಲಿ ಚರ್ಚೆ ನಡೀತು. ಅದೇ ಹೊತ್ತಿಗೆ 523 ಪ್ರಾಚೀನ ವ್ಯಕ್ತಿಗಳ ಡಿಎನ್‌ಎ ನೋಡಿದ ಇನ್ನೊಂದು ಅಧ್ಯಯನ, ಆ ಪಶುಪಾಲಕರ ವಂಶ ಕ್ರಿ.ಪೂ. 2000–1500ರ ನಡುವೆ ಇತ್ತ ಬಂತು ಎಂದಿತು. ಎಂಜಿನಿಯರಿಂಗ್ ಓದಿದ ನನಗೆ ಇವೆರಡರಲ್ಲಿ ವಿರೋಧ ಕಾಣಲ್ಲ. ಆಕೆ ಆ ವಲಸೆಗಿಂತ ಹಿಂದಿನವಳು; ಒಂದು ಸ್ಯಾಂಪಲ್ ತನ್ನ ಕಾಲದ ಸುದ್ದಿಯನ್ನಷ್ಟೇ ಹೇಳುತ್ತೆ. ಇವತ್ತಿನ ನಾವು ಬೇಟೆಗಾರರು, ಸಿಂಧೂ ಕಣಿವೆಯವರು, ಪಶುಪಾಲಕರು ಬೇರೆಬೇರೆ ಪ್ರಮಾಣದಲ್ಲಿ ಬೆರೆತ ಜನ.

ಇಲ್ಲಿನ ಕಲ್ಲುಗಳು

ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದ ಮೇಲೆ 400ಕ್ಕೂ ಹೆಚ್ಚು ಬೃಹತ್ ಶಿಲಾ ಸಮಾಧಿಗಳಿವೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿವೆ. ಊರವರು ಇವನ್ನು ಮೊರೇರ ಮನೆ ಅಂತಾರೆ. ಕಟ್ಟಿದವರು ಅಕ್ಷರ ಬಿಟ್ಟುಹೋಗಿಲ್ಲ, ಹಾಗಾಗಿ ಅವರ ಭಾಷೆ ಯಾವುದು ಅಂತ ಯಾರೂ ಹೇಳಲಾರರು. ಇತ್ತ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ, ಭಾಷೆ ಪ್ರಾಕೃತ. ಆನೆಗೊಂದಿಯ ನಂಟಿರುವ ವಿಜಯನಗರದ ಹಕ್ಕ-ಬುಕ್ಕರು ಕನ್ನಡಿಗರೋ ತೆಲುಗರೋ ಎಂಬ ವಾದ ಇನ್ನೂ ಮುಗಿದಿಲ್ಲ. ಇಷ್ಟೊಂದು ಜನ ಬಂದುಹೋದ, ಬಂದು ನೆಲೆಸಿದ ಜಾಗದಲ್ಲಿ ಒಬ್ಬರನ್ನಷ್ಟೇ ಆರಿಸಿ ‘ಇವರೇ ಮೂಲದವರು’ ಅನ್ನೋದು ಇತಿಹಾಸ ಅಲ್ಲ, ಇವತ್ತಿನ ರಾಜಕೀಯ.

ಆ ರಾಜಕೀಯದ ಬಿಸಿ ತಟ್ಟೋದು ‘ನೀನು ಎಲ್ಲಿಂದ ಬಂದೋನು?’ ಅಂತ ಕೇಳಿಸಿಕೊಳ್ಳುವವರಿಗೆ. ನಮ್ಮ ಸಂವಿಧಾನದ 5ನೇ ವಿಧಿ ಪೌರತ್ವಕ್ಕೆ ನೋಡಿದ್ದು ಇಲ್ಲಿನ ನೆಲೆ, ಹುಟ್ಟು, ತಂದೆ ಅಥವಾ ತಾಯಿಯ ಹುಟ್ಟು, ಇಲ್ಲವೇ 5 ವರ್ಷಗಳ ವಾಸ. 4,000 ವರ್ಷ ಹಿಂದಿನ ಅಜ್ಜನ ವಿಳಾಸವನ್ನು ಅದು ಕೇಳಲಿಲ್ಲ. ನಾವೂ ಕೇಳಬೇಕಿಲ್ಲ.