ಪದಾತಿಯ ಯುದ್ಧವಾಹನದಲ್ಲಿ ನಾಯಕನ ಸ್ಥಾನ

ಸೈನ್ಯಗಳ ಇತಿಹಾಸವನ್ನು ಬರೆಯುವವರು ಆಯುಧಗಳ ತೂಕವನ್ನೂ ಕವಚದ ದಪ್ಪವನ್ನೂ ವಿಸ್ತಾರವಾಗಿ ವರ್ಣಿಸುವರು. ವಾಹನದೊಳಗೆ ಯಾರು ಎಲ್ಲಿ ಕುಳಿತಿದ್ದರು, ಯಾರ ಆಜ್ಞೆ ಯಾರಿಗೆ ಸಲ್ಲುತ್ತಿತ್ತು ಎಂಬುದನ್ನು ಹೇಳುವವರು ವಿರಳ. ಆದರೆ ಒಂದು ಸೈನ್ಯವು ಅಧಿಕಾರವನ್ನು ಹೇಗೆ ಹಂಚಿಕೊಂಡಿತ್ತೆಂಬುದು ಇಂತಹ ಸಣ್ಣ ಸಂಗತಿಯಿಂದಲೇ ಹೆಚ್ಚು ಸ್ಪಷ್ಟವಾಗುತ್ತದೆ. ಸೋವಿಯತ್ ಸೈನ್ಯದ ಬಿ.ಎಂ.ಪಿ. ಎಂಬ ವಾಹನವನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ರಷ್ಯನ್ ಭಾಷೆಯಲ್ಲಿ ಈ ಹೆಸರಿಗೆ 'ಪದಾತಿಯ ಯುದ್ಧಯಂತ್ರ' ಎಂದರ್ಥ.

ಎರಡನೆಯ ಮಹಾಯುದ್ಧದ ಕಾಲದ ಕವಚವಾಹನಗಳು ಬಹುಮಟ್ಟಿಗೆ ಪದಾತಿಯನ್ನು ರಣರಂಗದ ಅಂಚಿಗೆ ಒಯ್ಯುವ ಸಾಧನಗಳಾಗಿದ್ದವು. ಜರ್ಮನರು ವಾಹನದ ಮೇಲಿಂದಲೇ ಹೋರಾಡಿದ ಪ್ರಸಂಗಗಳುಂಟು. ಆದರೂ ಅವರ ಸಾಮಾನ್ಯ ವಾಹನಕ್ಕೆ ಮಾಡಾಗಲಿ ತಿರುಗುವ ಗೋಪುರವಾಗಲಿ ಇರಲಿಲ್ಲ. 1966ರಲ್ಲಿ ಸೇವೆಗೆ ಸೇರಿ, 1967ರ ನವೆಂಬರಿನಲ್ಲಿ ಮಾಸ್ಕೋದ ಪಥಸಂಚಲನದಲ್ಲಿ ಲೋಕಕ್ಕೆ ಕಾಣಿಸಿಕೊಂಡ ಬಿ.ಎಂ.ಪಿ.-1 ಬೇರೆಯೇ ಬಗೆಯದು. ಅಣ್ವಸ್ತ್ರದಿಂದ ವಿಷಮಯವಾದ ನೆಲದಲ್ಲಿಯೂ ಸೈನಿಕರು ಇಳಿಯದೆ, ಪಕ್ಕದ ರಂಧ್ರಗಳಿಂದ ಗುಂಡು ಹಾರಿಸುತ್ತ ಮುನ್ನುಗ್ಗಬೇಕೆಂಬುದು ಅದರ ಹಿಂದಿದ್ದ ಕಲ್ಪನೆ. ಗೋಪುರದಲ್ಲಿ 73 ಮಿಲಿಮೀಟರಿನ ತೋಪು, ಅದರ ಮೇಲೆ ಟ್ಯಾಂಕನ್ನು ಭೇದಿಸುವ 'ಮಲ್ಯುತ್ಕ' ಕ್ಷಿಪಣಿ, ಹಿಂಭಾಗದಲ್ಲಿ ಎಂಟು ಸೈನಿಕರಿಗೆ ಸ್ಥಳ.

ವಾಹನದ ಸಿಬ್ಬಂದಿ ಮೂವರು. ಎಡಗಡೆ ಮುಂದೆ ಚಾಲಕ, ಅವನ ಬೆನ್ನಿಗೆ ನಾಯಕ, ಗೋಪುರದಲ್ಲಿ ತೋಪುಗಾರನೊಬ್ಬನೇ. ನಾಯಕನಾದವನು ಪದಾತಿ ದಳದ ಮುಖ್ಯಸ್ಥನೂ ಹೌದು. ದಳ ಇಳಿದಾಗ ಅವನೂ ಇಳಿಯಬೇಕು. ಆದಕಾರಣ ಅವನನ್ನು ಗೋಪುರದಲ್ಲಿ ಕೂರಿಸದೆ ವಾಹನದ ಒಡಲಿನಲ್ಲಿಯೇ ಇರಿಸಿದರು. ಕಾಗದದ ಮೇಲೆ ಇದು ಯುಕ್ತವಾಗಿಯೇ ತೋರುತ್ತದೆ. ಆದರೆ ಅಲ್ಲಿ ಕುಳಿತವನಿಗೆ ಬಲಗಡೆಯ ನೋಟಕ್ಕೂ ಹಿಂದಣ ನೋಟಕ್ಕೂ ಗೋಪುರವೇ ಅಡ್ಡ. ಆಜ್ಞೆ ಕೊಡಬೇಕಾದವನಿಗೆ ತನ್ನ ತೋಪುಗಾರನಿಗೆ ಕಾಣುವಷ್ಟೂ ಕಾಣುತ್ತಿರಲಿಲ್ಲ.

ಅವನು ಇಳಿದುಹೋದ ಮೇಲಿನ ಸ್ಥಿತಿ ಇನ್ನೂ ಕಠಿಣವಾದುದು. ಸೋವಿಯತ್ ಪಟ್ಟಿಗಳಲ್ಲಿ ತೋಪುಗಾರನ ಪೂರ್ಣ ಪದವಿ 'ಯುದ್ಧವಾಹನದ ಉಪನಾಯಕ' ಎಂದಿತ್ತು. ನಾಯಕ ನೆಲಕ್ಕೆ ಕಾಲಿಟ್ಟೊಡನೆ ವಾಹನದ ಹೊಣೆ ಇವನದು. ಚಾಲಕನಿಗೆ ದಾರಿ ತೋರಿಸುವುದು, ಸುತ್ತಲೂ ಶತ್ರುವನ್ನು ಹುಡುಕುವುದು, ತೋಪು ಹಾರಿಸುವುದು, ಇಳಿದವರಿಗೆ ರಕ್ಷಣೆ ಕೊಡುವುದು, ಎಲ್ಲವೂ ಒಬ್ಬನ ಕೆಲಸ. ಮಲ್ಯುತ್ಕ ಕ್ಷಿಪಣಿಯನ್ನು ಕೈಪಿಡಿಯಿಂದ ಗುರಿಯವರೆಗೂ ನಡೆಸಬೇಕಾಗಿತ್ತು. 3000 ಮೀಟರು ದೂರಕ್ಕೆ ಅದು ಸುಮಾರು 25 ಸೆಕೆಂಡು ಹಿಡಿಯುತ್ತಿತ್ತು. ಅಷ್ಟು ಕಾಲ ವಾಹನಕ್ಕೆ ಕಣ್ಣೇ ಇಲ್ಲವೆಂದರೂ ಸಲ್ಲುತ್ತದೆ. 1967ರ ಕಾನೂನಿನಂತೆ ಎರಡು ವರ್ಷದ ಕಡ್ಡಾಯ ಸೇವೆಗೆ ಬಂದ, ಹತ್ತೊಂಬತ್ತು ಇಪ್ಪತ್ತರ ಹರೆಯದ ಹುಡುಗರೇ ಸಾಮಾನ್ಯವಾಗಿ ಈ ತೋಪುಗಾರರು. ಅವರ ದಳನಾಯಕರಾದ ಸಾರ್ಜೆಂಟರೂ ಬಹುಪಾಲು ಕಡ್ಡಾಯ ಸೇವೆಯವರೇ, ಕೆಲವು ತಿಂಗಳ ತರಬೇತಿ ಪಡೆದವರು. ದೀರ್ಘಕಾಲದ ಅನುಭವವುಳ್ಳ ಕಿರಿಯ ನಾಯಕವರ್ಗವಿಲ್ಲದ ಸೈನ್ಯವೊಂದು ಇಷ್ಟು ಹೊಣೆಯನ್ನು ಒಂದೇ ಕುರ್ಚಿಯ ಮೇಲೆ ಹೇರಿದ್ದು ವಿಚಿತ್ರವೆಂದೇ ನನಗೆ ತೋರುತ್ತದೆ.

ಪಶ್ಚಿಮ ಜರ್ಮನಿಯ 'ಮಾರ್ಡರ್' ವಾಹನವು 1971ರಲ್ಲಿ ಸೇವೆಗೆ ಬಂದಾಗ ನಾಯಕನೂ ತೋಪುಗಾರನೂ ಒಂದೇ ಗೋಪುರದಲ್ಲಿದ್ದರು. ಸೋವಿಯತರು ಆ ವ್ಯವಸ್ಥೆಗೆ ಬಂದುದು 1980ರ ಬಿ.ಎಂ.ಪಿ.-2ರಲ್ಲಿ. 1973ರ ಅರಬ್-ಇಸ್ರೇಲ್ ಯುದ್ಧದಲ್ಲಿ ಈಜಿಪ್ಟ್ ಮತ್ತು ಸಿರಿಯಾ ಸೈನ್ಯಗಳ ಕೈಯಲ್ಲಿ ಹಳೆಯ ವಾಹನದ ಪರೀಕ್ಷೆ ಅದಾಗಲೇ ನಡೆದಿತ್ತು. ಹೊಸ ವಾಹನದಲ್ಲಿ 30 ಮಿಲಿಮೀಟರಿನ ಶೀಘ್ರ ತೋಪು, ಇಬ್ಬರ ಗೋಪುರ. ಹಿಂದೆ ಕೂರುವವರು ಎಂಟಕ್ಕೆ ಬದಲು ಏಳು. ಒಬ್ಬ ಸೈನಿಕನ ಸ್ಥಳವನ್ನು ತೆತ್ತು ನಾಯಕನಿಗೆ ಸುತ್ತಣ ನೋಟವನ್ನು ಪಡೆದರೆನ್ನಬಹುದು. ನಾಯಕನು ಬೇಕಾದಾಗ ತಾನೇ ತೋಪು ಹಾರಿಸಲೂ ಅನುಕೂಲವಾಯಿತು. ಆದರೂ ಅವನು ಇಳಿದರೆ ಗೋಪುರದಲ್ಲಿ ಒಂದು ಕುರ್ಚಿ ಬರಿದಾಗುವುದು ತಪ್ಪಲಿಲ್ಲ.

ಈ ತೊಡಕಿಗೆ ಪರಿಹಾರವು ಯಂತ್ರಶಾಲೆಯಿಂದ ಬರಲಿಲ್ಲ, ಅಫ್ಘಾನಿಸ್ತಾನದ ಬೆಟ್ಟಗಳಿಂದ ಬಂದಿತು. 1979ರಿಂದ 1989ರವರೆಗಿನ ಆ ಯುದ್ಧದಲ್ಲಿ ಪದಾತಿಯು ವಾಹನಗಳೇರಲಾಗದ ಶಿಖರಗಳಿಗೆ ನಡೆದುಹೋಗಬೇಕಾಗುತ್ತಿತ್ತು. ಕೆಳಗುಳಿದ ನಾಲ್ಕೈದು ವಾಹನಗಳನ್ನು ಒಟ್ಟುಗೂಡಿಸಿ, ಬೇರೊಬ್ಬ ನಾಯಕನ ಕೈಗೆ ಕೊಟ್ಟು, 'ಬ್ರೊನೆಗ್ರುಪ್ಪ' ಅಥವಾ ಕವಚಗುಂಪು ಎಂದು ಕರೆದು ಪ್ರತ್ಯೇಕವಾಗಿ ಕಾದಾಡಿಸುವ ಪದ್ಧತಿ ಬೆಳೆಯಿತು. ಪದಾತಿಯೂ ವಾಹನವೂ ಒಂದೇ ಆಜ್ಞೆಯಲ್ಲಿ ನಡೆಯಬೇಕೆಂದು ಹುಟ್ಟಿದ ಯಂತ್ರದಲ್ಲಿ ಅವೆರಡೂ ಹೀಗೆ ಬೇರ್ಪಟ್ಟವು.

ಭಾರತದಲ್ಲಿ ಯಾಂತ್ರೀಕೃತ ಪದಾತಿ ರೆಜಿಮೆಂಟು 1979ರಲ್ಲಿ ಸ್ಥಾಪಿತವಾಯಿತು. ಅದಕ್ಕೆ ರೂಪುಕೊಟ್ಟವರಲ್ಲಿ ಜನರಲ್ ಸುಂದರ್‌ಜಿಯವರು ಅಗ್ರಗಣ್ಯರು. ಬಿ.ಎಂ.ಪಿ.-2ನ್ನು 'ಸಾರಥ್' ಎಂಬ ಹೆಸರಿನಲ್ಲಿ ಮೇದಕ್ಕಿನ ಕಾರ್ಖಾನೆಯಲ್ಲಿ 1987ರಿಂದ ನಿರ್ಮಿಸತೊಡಗಿದರು. ಇಬ್ಬರ ಗೋಪುರವೂ, ಇಳಿಯುವ ನಾಯಕನ ಬರಿದಾದ ಕುರ್ಚಿಯ ಪ್ರಶ್ನೆಯೂ ಆ ನಕ್ಷೆಯೊಡನೆಯೇ ಇಲ್ಲಿಗೆ ಬಂದವು.